ಬೆಳೆಯ ಆಹಾರವನ್ನು ತೂಗಿ ನೋಡಿದ ಲೀಬಿಗ್

ಹೊಲದ ಗಿಡವನ್ನು ಒಣಗಿಸಿ ಸುಟ್ಟರೆ ಹಿಡಿಯಷ್ಟು ಬೂದಿ ಉಳಿಯುತ್ತದೆ. ಮಿಕ್ಕದ್ದು ಗಾಳಿಗೆ ಸೇರುತ್ತದೆ. ಗಾಳಿಗೆ ಹೋದದ್ದು ಏನು, ಬೂದಿಯಲ್ಲಿ ಉಳಿದದ್ದು ಏನು ಎಂಬುದನ್ನು ತೂಗಿ ನೋಡಿ, ಬೆಳೆಯ ಆಹಾರದ ಲೆಕ್ಕವನ್ನು ರೈತನ ಮುಂದಿಟ್ಟವನು ಜರ್ಮನಿಯ ರಸಾಯನ ವಿಜ್ಞಾನಿ ಜಸ್ಟಸ್ ವಾನ್ ಲೀಬಿಗ್.

ಆತ ಹುಟ್ಟಿದ್ದು 1803ರ ಮೇ 12ರಂದು, ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ. ತಂದೆ ಬಣ್ಣ ಮತ್ತು ರಾಸಾಯನಿಕಗಳ ವ್ಯಾಪಾರಿ. ಬಾಲಕನಿಗೆ 13 ವರ್ಷವಾಗಿದ್ದ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಚಳಿ ಮಳೆಗೆ ಪೈರು ಹಾಳಾಗಿ, ಧಾನ್ಯದ ಬೆಲೆ ಏರಿ, ಜನ ಹಸಿವಿನಿಂದ ನರಳಿದರು. ಶಾಲೆಯ ಪಾಠ ಲೀಬಿಗ್‌ಗೆ ಹಿಡಿಸಲಿಲ್ಲ. ಔಷಧ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿ ಅದನ್ನೂ ಬಿಟ್ಟ. ಮುಂದೆ ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್‌ನ ಬಳಿ ಕಲಿತು, 1824ರಲ್ಲಿ, 21ನೆಯ ವಯಸ್ಸಿಗೇ ಗೀಸೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅಲ್ಲಿನ ಆತನ ಪ್ರಯೋಗಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬಂದರು.

ಜೀವಿಗಳ ದೇಹದಲ್ಲಿ ಇಂಗಾಲ ಎಷ್ಟಿದೆ ಎಂದು ಅಳೆಯುವುದು ಆ ಕಾಲಕ್ಕೆ ಬಹು ಪ್ರಯಾಸದ ಕೆಲಸ. ಲೀಬಿಗ್ 1831ರಲ್ಲಿ ಐದು ಬುರುಡೆಗಳ ಸರಳ ಗಾಜಿನ ಉಪಕರಣವೊಂದನ್ನು ಮಾಡಿದ. ವಸ್ತುವನ್ನು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಅದರಲ್ಲಿದ್ದ ಕ್ಷಾರದ ದ್ರಾವಣ ಹೀರಿಕೊಳ್ಳುತ್ತಿತ್ತು. ತೂಕ ಹೆಚ್ಚಿದಷ್ಟೂ ಇಂಗಾಲದ ಲೆಕ್ಕ ಸಿಗುತ್ತಿತ್ತು.

ಗಿಡಗಳು ಮಣ್ಣಿನಲ್ಲಿ ಕೊಳೆತ ಕಸಕಡ್ಡಿಯ ಕಪ್ಪು ಸಾರವನ್ನೇ ಉಂಡು ಬೆಳೆಯುತ್ತವೆ ಎಂದು ಆಗಿನ ಅನೇಕ ಪಂಡಿತರು ನಂಬಿದ್ದರು. 1840ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಲೀಬಿಗ್ ಇದನ್ನು ಅಲ್ಲಗಳೆದ. ಗಿಡಕ್ಕೆ ಇಂಗಾಲ ಬರುವುದು ಗಾಳಿಯಿಂದ, ಜಲಜನಕ ನೀರಿನಿಂದ. ರಂಜಕ, ಪೊಟ್ಯಾಷ್, ಸುಣ್ಣ ಮೊದಲಾದ ಖನಿಜಗಳು ಮಣ್ಣಿನಿಂದ. ಫಸಲಿನ ಜೊತೆ ಹೊಲದಿಂದ ಹೊರಹೋದ ಖನಿಜಗಳನ್ನು ಹಿಂದಿರುಗಿಸದಿದ್ದರೆ ಭೂಮಿ ಬಡವಾಗುತ್ತದೆ ಎಂದು ಎಚ್ಚರಿಸಿದ.

ಯಾವ ಪೋಷಕಾಂಶ ತೀರ ಕಡಿಮೆಯೋ ಅದೇ ಇಳುವರಿಯನ್ನು ತಡೆಯುತ್ತದೆ ಎಂಬ ನಿಯಮ ಆತನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇದನ್ನು ಮೊದಲೇ ಹೇಳಿದವನು ಕಾರ್ಲ್ ಸ್ಪ್ರೆಂಗೆಲ್. ಲೋಕಕ್ಕೆಲ್ಲ ಸಾರಿದವನು ಲೀಬಿಗ್. ಜೋಡೆತ್ತಿನ ಗಾಡಿ ಕುಂಟೆತ್ತಿನ ನಡೆಗೇ ಸಾಗುತ್ತದೆ. ಮತ್ತೊಂದು ಎತ್ತಿಗೆ ಎಷ್ಟು ಹಿಂಡಿ ತಿನ್ನಿಸಿದರೂ ಗಾಡಿಯ ವೇಗ ಹೆಚ್ಚದು.

ಇಷ್ಟು ತಿಳಿದವನೂ ಹೊಲದಲ್ಲಿ ಸೋತ. 1845ರಲ್ಲಿ ಇಂಗ್ಲೆಂಡಿನಲ್ಲಿ ಆತನ ಗೊಬ್ಬರ ಮಾರಾಟಕ್ಕೆ ಬಂತು. ಪೊಟ್ಯಾಷ್ ಮಳೆನೀರಿಗೆ ಕೊಚ್ಚಿಹೋದೀತೆಂದು ಅದನ್ನು ಸುಣ್ಣದೊಡನೆ ಕರಗಿಸಿ ಗಟ್ಟಿ ಮಾಡಲಾಗಿತ್ತು. ಹೀಗಾಗಿ ಅದು ಬೇರಿಗೂ ದಕ್ಕಲಿಲ್ಲ. ಮೇಲಾಗಿ, ಬೆಳೆಗೆ ಬೇಕಾದ ಸಾರಜನಕ ಗಾಳಿ ಮಳೆಯಿಂದಲೇ ಸಾಕಷ್ಟು ಬರುತ್ತದೆಂದು ಆತ ನಂಬಿದ್ದ. ಗೊಬ್ಬರ ಕೊಂಡ ರೈತರಿಗೆ ಫಲ ಸಿಗಲಿಲ್ಲ. ಇತ್ತ ರಾಥಾಮ್‌ಸ್ಟೆಡ್‌ನಲ್ಲಿ 1843ರಿಂದ ಪ್ರಯೋಗ ನಡೆಸಿದ್ದ ಲಾಸ್ ಮತ್ತು ಗಿಲ್ಬರ್ಟ್, ಖನಿಜ ಮಾತ್ರ ಕೊಟ್ಟರೆ ಗೋಧಿ ಏಳದು, ಸಾರಜನಕವೂ ಬೇಕು ಎಂದು ತೋರಿಸಿದರು. ಮಣ್ಣಿಗೆ ಪೊಟ್ಯಾಷ್ ಮತ್ತು ಅಮೋನಿಯವನ್ನು ಹಿಡಿದಿಡುವ ಶಕ್ತಿಯಿದೆ ಎಂದು ಥಾಮಸ್ ವೇ 1850ರ ವೇಳೆಗೆ ಸಿದ್ಧಪಡಿಸಿದ. ಗಟ್ಟಿ ಮಾಡಿದ ಶ್ರಮವೆಲ್ಲ ವ್ಯರ್ಥವಾಗಿತ್ತು. ಸಾರಜನಕದ ವಿಷಯದಲ್ಲಿ ಲೀಬಿಗ್ ಬಹುಕಾಲ ಹಟ ಹಿಡಿದು ವಾದಿಸಿದ. ಗೊಬ್ಬರ ಗಟ್ಟಿ ಮಾಡಿದ ತಪ್ಪನ್ನು ಮಾತ್ರ 1862ರಲ್ಲಿ ತನ್ನ ಗ್ರಂಥದ ಏಳನೆಯ ಮುದ್ರಣದಲ್ಲಿ ಮನಸಾರೆ ಒಪ್ಪಿಕೊಂಡ. 1852ರಿಂದ ಮ್ಯೂನಿಕ್‌ನಲ್ಲಿದ್ದ ಆತ 1873ರ ಏಪ್ರಿಲ್ 18ರಂದು ಅಲ್ಲಿಯೇ ತೀರಿಕೊಂಡ.

ಆತನ ಗೆಲುವಿನಂತೆ ಸೋಲೂ ರೈತ ಬಾಂಧವರಿಗೆ ಪಾಠ. ಯೂರಿಯಾ ಒಂದನ್ನೇ ಸುರಿದರೆ, ರಂಜಕವೋ ಸತುವೋ ಕೊರತೆಯಿರುವ ಹೊಲದಲ್ಲಿ ಹಣ ದಂಡ. ಬೆಳೆಯಿಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕುಂಟೆತ್ತು ಯಾವುದೆಂದು ತಿಳಿಯಬೇಕು. ಮಣ್ಣಿನಲ್ಲಿ ಯೂರಿಯಾದ ಸಾರಜನಕ ನೈಟ್ರೇಟ್ ಆಗಿ ಮಾರ್ಪಟ್ಟ ಮೇಲೆ ನೀರಿನೊಡನೆ ಕೆಳಗಿಳಿದು ಹೋಗುತ್ತದೆ; ಆದ್ದರಿಂದ ಅದನ್ನು ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡುವುದು ಲೇಸು. ಕೊಟ್ಟಿಗೆ ಗೊಬ್ಬರವನ್ನೂ ಬಿಡಬಾರದು. ಗಿಡ ಅದನ್ನು ನೇರವಾಗಿ ಉಣ್ಣುವುದಿಲ್ಲ ನಿಜ. ಆದರೆ ಅದು ತೇವವನ್ನೂ ಪೋಷಕಾಂಶವನ್ನೂ ಹಿಡಿದಿಟ್ಟು, ಮಣ್ಣಿನ ಸೂಕ್ಷ್ಮಜೀವಿಗಳನ್ನು ಸಾಕುತ್ತದೆ.