ಎರಾಸ್ಮಸ್: ತ್ರಿತ್ವದ ವಚನ ಮತ್ತು ಸಂಪಾದಕನ ನಿಷ್ಠೆ

ಯುರೋಪಿನ ಪುನರುಜ್ಜೀವನ ಕಾಲದ ವಿದ್ವಾಂಸರಲ್ಲಿ ಅಗ್ರಗಣ್ಯನಾದ ಡೆಸಿಡೇರಿಯಸ್ ಎರಾಸ್ಮಸ್ 15ನೆಯ ಶತಮಾನದ ಉತ್ತರಾರ್ಧದಲ್ಲಿ ರಾಟರ್‌ಡ್ಯಾಮಿನಲ್ಲಿ ಪಾದ್ರಿಯೊಬ್ಬನ ಅನೌರಸ ಪುತ್ರನಾಗಿ ಜನಿಸಿದನು. ಮಠವನ್ನು ಸೇರಿ 1492ರಲ್ಲಿ ಗುರುದೀಕ್ಷೆ ಪಡೆದನಾದರೂ ಅವನ ಒಲವು ಪ್ರಾಚೀನ ಗ್ರಂಥಗಳ ಕಡೆಗಿತ್ತು. 1504ರಲ್ಲಿ ಲೂವೆನ್ ಸಮೀಪದ ಮಠವೊಂದರಲ್ಲಿ ಲೊರೆಂಜೊ ವಲ್ಲಾನ ಬೈಬಲ್ ಟಿಪ್ಪಣಿಗಳ ಹಸ್ತಪ್ರತಿ ಅವನಿಗೆ ದೊರೆಯಿತು. ಲ್ಯಾಟಿನ್ ಪಾಠವನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಪರಿಶೀಲಿಸುವ ವಲ್ಲಾನ ಮಾರ್ಗವನ್ನೇ ಅವನು ಮುಂದುವರಿಸಿದನು.

1516ರಲ್ಲಿ ಬಾಸೆಲ್ ನಗರದ ಫ್ರೋಬೆನ್ ಮುದ್ರಣಾಲಯದಿಂದ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಲ್ಯಾಟಿನ್ ಅನುವಾದದೊಂದಿಗೆ ಪ್ರಕಟಿಸಿದನು. ಯೋಹಾನನ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು ಸ್ವರ್ಗೀಯ ಸಾಕ್ಷಿಗಳ ಏಕತ್ವವನ್ನು ಹೇಳುವ ವಚನವೊಂದು ಲ್ಯಾಟಿನ್ ಪ್ರತಿಗಳಲ್ಲಿ ರೂಢವಾಗಿತ್ತು. ತಾನು ಕಂಡ ಯಾವ ಗ್ರೀಕ್ ಪ್ರತಿಯಲ್ಲಿಯೂ ಅದು ಇಲ್ಲದ ಕಾರಣ ಅವನು ಅದನ್ನು ಕೈಬಿಟ್ಟನು. 1519ರ ಎರಡನೆಯ ಆವೃತ್ತಿಯಲ್ಲಿಯೂ ಸೇರಿಸಲಿಲ್ಲ.

ತ್ರಿತ್ವ ಸಿದ್ಧಾಂತಕ್ಕೆ ಈ ವಚನವೇ ಅತ್ಯಂತ ಸ್ಪಷ್ಟವಾದ ಶಾಸ್ತ್ರಾಧಾರವೆಂದು ಹಲವರು ಭಾವಿಸಿದ್ದರಿಂದ ವಿವಾದವೆದ್ದಿತು. ಇಂಗ್ಲೆಂಡಿನ ಎಡ್ವರ್ಡ್ ಲೀ, ಸ್ಪೇನಿನ ಸೂನಿಗಾ ಅವನನ್ನು ಖಂಡಿಸಿದರು. ಕ್ರಿಸ್ತನ ಪೂರ್ಣ ದೈವತ್ವವನ್ನು ಒಪ್ಪದ ಅರಿಯಸನ ಮತಕ್ಕೆ ಇದು ದಾರಿ ತೆರೆಯುವುದೆಂದು ಲೀ ಆರೋಪಿಸಿದನು. ಅಂದಿನ ಯುರೋಪಿನಲ್ಲಿ ಧರ್ಮದ್ರೋಹದ ಆರೋಪ ಪ್ರಾಣಕ್ಕೇ ಎರವಾಗಬಹುದಿತ್ತು. ಎರಾಸ್ಮಸ್ ತ್ರಿತ್ವವನ್ನು ನಿರಾಕರಿಸಿದವನಲ್ಲ. ಆ ಮಾತು ಯೋಹಾನನದೇ ಎಂಬುದಷ್ಟೇ ಅವನ ಪ್ರಶ್ನೆ. ಅರಿಯಸನ ಅನುಯಾಯಿಗಳೊಡನೆ ವಾದಿಸಿದ ಗ್ರೀಕ್ ಆಚಾರ್ಯರು ಇದನ್ನು ಪ್ರಮಾಣವಾಗಿ ಬಳಸದಿರುವುದನ್ನು ಅವನು ಎತ್ತಿ ತೋರಿಸಿದನು. 1521ರಲ್ಲಿ ವ್ಯಾಟಿಕನ್ನಿನ ಪ್ರಾಚೀನ ಪ್ರತಿಯನ್ನು ನೋಡಿದ ಮಿತ್ರ ಬೊಂಬಾಸಿಯೊ ಅಲ್ಲಿಯೂ ಅದಿಲ್ಲವೆಂದು ತಿಳಿಸಿದನು.

ಈ ನಡುವೆ ಇಂಗ್ಲೆಂಡಿನಲ್ಲಿ ಆ ವಚನವುಳ್ಳ ಗ್ರೀಕ್ ಪ್ರತಿಯೊಂದು ಕಾಣಿಸಿಕೊಂಡಿತು. ನಿಂದೆಗೆ ಎಡೆಗೊಡಬಾರದೆಂದು 1522ರ ಮೂರನೆಯ ಆವೃತ್ತಿಯಲ್ಲಿ ಎರಾಸ್ಮಸ್ ವಚನವನ್ನು ಸೇರಿಸಿದನು. ಆದರೆ ಆ ಪ್ರತಿಯನ್ನು ಲ್ಯಾಟಿನ್ನಿಗೆ ಹೊಂದುವಂತೆ ತಿದ್ದಿರಬೇಕೆಂಬ ಸಂಶಯವನ್ನು ಟಿಪ್ಪಣಿಯಲ್ಲಿ ದಾಖಲಿಸಿದನು. ಒಂದು ಗ್ರೀಕ್ ಪ್ರತಿಯನ್ನು ತೋರಿಸಿದರೆ ಸೇರಿಸುವೆನೆಂದು ಅವನು ಮಾತು ಕೊಟ್ಟಿದ್ದನೆಂಬ ಪ್ರಸಿದ್ಧ ಕಥೆಗೆ ಅವನ ಬರಹಗಳಲ್ಲಿ ಆಧಾರವಿಲ್ಲವೆಂಬುದನ್ನು ಡಚ್ ವಿದ್ವಾಂಸ ಡಿ ಯೊಂಗ 1980ರಲ್ಲಿ ತೋರಿಸಿದರು.

ಎರಾಸ್ಮಸ್ 1536ರ ಜುಲೈ 12ರಂದು ಬಾಸೆಲಿನಲ್ಲಿ ನಿಧನನಾದನು. 1559ರ ರೋಮಿನ ನಿಷಿದ್ಧ ಗ್ರಂಥಪಟ್ಟಿ ಅವನ ಸಮಸ್ತ ಕೃತಿಗಳನ್ನೂ ಒಳಗೊಂಡಿತು. ಅವನು ಒಲ್ಲದ ಮನಸ್ಸಿನಿಂದ ಸೇರಿಸಿದ ವಚನವಾದರೋ ಅನಂತರದ ಮುದ್ರಣಗಳ ಮೂಲಕ 1611ರ ಇಂಗ್ಲಿಷ್ ಬೈಬಲನ್ನೂ ಪ್ರವೇಶಿಸಿತು. ಇಂದಿನ ಶಾಸ್ತ್ರೀಯ ಗ್ರೀಕ್ ಆವೃತ್ತಿಗಳು ಅದನ್ನು ಪ್ರಕ್ಷಿಪ್ತವೆಂದು ಮೂಲಪಾಠದಿಂದ ಹೊರಗಿಟ್ಟಿವೆ. ತ್ರಿತ್ವದ ಶಾಸ್ತ್ರಾಧಾರದ ಚರ್ಚೆ ಇತರ ವಚನಗಳನ್ನು ಅವಲಂಬಿಸಿ ನಡೆದಿದೆ. ಒತ್ತಡಕ್ಕೆ ಮಣಿದಾಗಲೂ ಸಂಶಯವನ್ನು ಮರೆಮಾಚದ ಅವನ ಟಿಪ್ಪಣಿ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಗಮನಾರ್ಹವಾದುದು.