ಫ್ರಾನ್ಸಿಸ್ ಬುಕಾನನ್

ನಮ್ಮ ಅಡುಗೆಮನೆಯ ಅರಿಶಿನಕ್ಕೆ ಹೆಸರುಗಳು ಹಲವು. ಅದು ಮರಾಠಿಯಲ್ಲಿ ಹಳದ, ತಮಿಳಿನಲ್ಲಿ ಮಂಜಳ್, ತೆಲುಗಿನಲ್ಲಿ ಪಸುಪು. ಸಸ್ಯವಿಜ್ಞಾನಿಗಳಿಗೆ ಮಾತ್ರ ಎಲ್ಲ ದೇಶಗಳಲ್ಲಿಯೂ ಅದು ಕರ್ಕ್ಯುಮ ಲಾಂಗ. ಕನ್ನಡನಾಡಿನ ಬೆಳೆಗಳನ್ನು ಕುರಿತು ಜನರ ಬಾಯಲ್ಲಿದ್ದ ಹೆಸರನ್ನೂ ಶಾಸ್ತ್ರದ ಹೆಸರನ್ನೂ ಜೊತೆಯಾಗಿ ಬರೆದಿಟ್ಟವರಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಮುಖನು.

ಬುಕಾನನ್ನನು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೋ ನಗರದಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದಾಗ ಜಾನ್ ಹೋಪ್ ಎಂಬ ವಿದ್ವಾಂಸನಿಂದ ಸಸ್ಯಶಾಸ್ತ್ರವನ್ನೂ ಕಲಿತನು. ಸ್ವೀಡನ್ ದೇಶದ ಲಿನೇಯಸನು ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಲ್ಯಾಟಿನ್ ಹೆಸರನ್ನಿಡುವ ಪದ್ಧತಿಯನ್ನು 1753ರಲ್ಲಿ ಬಳಕೆಗೆ ತಂದಿದ್ದನು. ಹೋಪನು ಬೋಧಿಸಿದ್ದು ಈ ಪದ್ಧತಿಯನ್ನೇ.

ಆ ಪಾಠಗಳ ಟಿಪ್ಪಣಿಗಳಿಗೆ ಒಂದು ಸ್ವಾರಸ್ಯಕರವಾದ ಕಥೆಯಿದೆ. 1785ರ ಸಮುದ್ರಯಾನದಲ್ಲಿ ಬುಕಾನನ್ನನು ಅವುಗಳನ್ನು ಮಿತ್ರನೊಬ್ಬನಿಗೆ ಕೊಟ್ಟನು. ಮಿತ್ರನು ಅವನ್ನು ಸತ್ಯಮಂಗಲದಲ್ಲಿ ಕಳೆದುಕೊಂಡನು. ಅವು ಟಿಪ್ಪುಸುಲ್ತಾನನ ಕೈಸೇರಿದವು. ಸುಲ್ತಾನನು ಅವಕ್ಕೆ ಹೊಸ ರಟ್ಟು ಕಟ್ಟಿಸಿದನು. ಟಿಪ್ಪುವಿನ ಮರಣಾನಂತರ, 1800ರಲ್ಲಿ, ಅವು ಅವನ ಗ್ರಂಥಭಂಡಾರದಲ್ಲಿ ದೊರೆತು ಬುಕಾನನ್ನನಿಗೆ ಮರಳಿ ಬಂದವು.

ಬುಕಾನನ್ನನು 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ನೇಮಕಗೊಂಡಿದ್ದನು. ಮೈಸೂರು, ಕೆನರಾ ಮತ್ತು ಮಲಬಾರು ಪ್ರದೇಶಗಳನ್ನು ಸುತ್ತಿ ವರದಿ ಬರೆಯುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಆಜ್ಞಾಪಿಸಿದನು. ನಾಡಿನ ಉತ್ಪನ್ನವನ್ನು ತಿಳಿದು ಲಾಭ ಪಡೆಯುವುದೇ ಕಂಪನಿಯ ಉದ್ದೇಶವಾಗಿತ್ತು. ಆದರೆ ಬುಕಾನನ್ನನ ಕುತೂಹಲ ಅಷ್ಟಕ್ಕೇ ನಿಲ್ಲಲಿಲ್ಲ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಅವನು ಊರೂರಿನಲ್ಲಿ ರೈತರನ್ನು ವಿಚಾರಿಸಿ, ಬಿತ್ತನೆಯ ಕಾಲ, ಇಳುವರಿ ಮತ್ತು ಬೆಳೆಗಳ ಹೆಸರುಗಳನ್ನು ಬರೆದುಕೊಂಡನು.

1801ರ ಆರಂಭದಲ್ಲಿ ಅವನು ಕರಾವಳಿಯ ದಾರಿಯಲ್ಲಿ ಹೊನ್ನಾವರವನ್ನು ದಾಟಿ ಹಳದೀಪುರಕ್ಕೆ ಬಂದನು. ಈ ಊರಿನ ಹಿಂದಿನ ಹೆಸರು ಹಂದೀಪುರವೆಂದೂ, ಹೈದರಾಲಿಯು ಅದನ್ನು ಅರಿಶಿನದ ಊರು ಎಂಬ ಅರ್ಥ ಬರುವಂತೆ ಹಳದೀಪುರವೆಂದು ಬದಲಾಯಿಸಿದನೆಂದೂ ಅವನು ದಾಖಲಿಸಿದನು.

ಅವನ ಪ್ರವಾಸಕಥನವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ರಾಗಿಯು ಸೈನೋಸೂರಸ್ ಎಂಬ ಕುಲಕ್ಕೂ ತೊಗರಿಯು ಸೈಟಿಸಸ್ ಎಂಬ ಕುಲಕ್ಕೂ ಸೇರಿವೆ. ಇಂದಿನ ಶಾಸ್ತ್ರದಲ್ಲಿ ರಾಗಿಯು ಎಲ್ಯುಸಿನ್ ಕೊರಕಾನ, ತೊಗರಿಯು ಕಜಾನಸ್ ಕಜಾನ್. ಜ್ಞಾನವು ಬೆಳೆದಂತೆ ಲ್ಯಾಟಿನ್ ಹೆಸರುಗಳು ಬದಲಾದವು; ರೈತರು ಹೇಳಿದ ಹೆಸರುಗಳು ಉಳಿದವು. ಅವು ಜೊತೆಗಿರುವುದರಿಂದಲೇ ಬುಕಾನನ್ನನು ಕಂಡ ಬೆಳೆ ಯಾವುದೆಂದು ನಾವು ಸಂದೇಹವಿಲ್ಲದೆ ಗುರುತಿಸಬಲ್ಲೆವು.

ಅನಾರೋಗ್ಯದಿಂದ 1815ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆಯೂ ಅವನು ಈ ಕಾರ್ಯವನ್ನು ಬಿಡಲಿಲ್ಲ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥಕ್ಕೆ ವ್ಯಾಖ್ಯಾನ ಬರೆದನು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಆ ಗ್ರಂಥಕ್ಕೆ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನೂ, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೂ ನೆರವಾಗಿದ್ದರು. ಅವರ ಹೆಸರುಗಳು ಗ್ರಂಥದಲ್ಲಿಯೇ ಇವೆ.

ಬುಕಾನನ್ನನು 1829ರಲ್ಲಿ ತೀರಿಕೊಂಡನು. ಅವನಿಗೆ ಉತ್ತರ ಹೇಳಿದ ನಮ್ಮ ರೈತರಲ್ಲಿ ಬಹುಪಾಲು ಜನರ ಹೆಸರುಗಳು ಅವನ ಪುಸ್ತಕದಲ್ಲಿಲ್ಲ. ಅವರು ಹೇಳಿದ ಬೆಳೆಗಳ ಹೆಸರುಗಳು ಮಾತ್ರ ಅಲ್ಲಿ ಉಳಿದಿವೆ. ನಮ್ಮ ಹೊಲಗಳಲ್ಲಿಯೂ ಉಳಿದಿವೆ.