ದಂಡಿನ ವೈದ್ಯ ಸರ್ ರೊನಾಲ್ಡ್ ರಾಸ್

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಇಂದು ನಮ್ಮ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ನೂರೈವತ್ತು ವರ್ಷಗಳ ಹಿಂದೆ ದೊಡ್ಡ ವೈದ್ಯರಿಗೂ ಇದು ತಿಳಿದಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯೇ ಈ ಚಳಿಜ್ವರಕ್ಕೆ ಕಾರಣವೆಂದು ನಂಬಿದ್ದರು. ಆ ನಂಬಿಕೆಯನ್ನು ಸುಳ್ಳಾಗಿಸಿದ ರೊನಾಲ್ಡ್ ರಾಸ್ ಅವರು ಜೀವನ್ ಬಿಮಾ ನಗರದಿಂದ ಹಲಸೂರು ದಾಟಿದರೆ ಸಿಗುವ ದಂಡು ಪ್ರದೇಶದಲ್ಲಿ ಸೇವೆ ಸಲ್ಲಿಸಿದವರೆಂಬುದು ನಮಗೆ ಹೆಮ್ಮೆಯ ಸಂಗತಿ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರದಲ್ಲಿ. ತಂದೆ ಸೇನಾಧಿಕಾರಿ. ಮಗನಿಗೆ ಕವಿತೆ, ಚಿತ್ರಕಲೆಗಳಲ್ಲಿ ಆಸಕ್ತಿ. ಆದರೂ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಬೆಂಗಳೂರಿಗೆ ಬಂದ ಅವರಿಗೆ ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಹುಡುಕಿದಾಗ ಕಿಟಕಿಯ ಬಳಿಯ ನೀರಿನ ಪೀಪಾಯಿಯಲ್ಲಿ ಮರಿಗಳು ಕಂಡವು. ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು. ಬೇರೆ ಕಡೆಯೂ ಹೀಗೆ ಮಾಡಬೇಕೆಂದಾಗ ದಂಡಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ.

ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಫ್ರೆಂಚ್ ವೈದ್ಯ ಲ್ಯಾವರಾನ್ 1880ರಲ್ಲೇ ಕಂಡಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ರಾಸ್ ಅವರಿಗೆ ತೋರಿಸಿ, ಅದರ ಹರಡುವಿಕೆಯಲ್ಲಿ ಸೊಳ್ಳೆಯ ಪಾತ್ರವಿರಬಹುದೆಂದರು. ಮರುವರ್ಷ ರಾಸ್ ಸಿಕಂದರಾಬಾದಿನಲ್ಲಿ ಸಂಶೋಧನೆ ಆರಂಭಿಸಿದರು. ಅಷ್ಟರಲ್ಲಿ ಕಾಲರಾ ತಡೆಯಲು ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಊರಿನ ನೈರ್ಮಲ್ಯದ ಹೊಣೆ ಹೊತ್ತು ದುಡಿದ ಅವರು 1897ರಲ್ಲಿ ಸಿಕಂದರಾಬಾದಿಗೆ ಮರಳಿದರು.

ಅಲ್ಲಿ ಹುಸೇನ್ ಖಾನ್ ಎಂಬ ರೋಗಿ ಕಾಸಿಗಾಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಸೊಳ್ಳೆಗಳು ಹಾರಿಹೋಗದಂತೆ ಪಂಖವನ್ನೂ ನಿಲ್ಲಿಸಿ, ಸೆಕೆಯಲ್ಲಿ ಬೆವರುತ್ತ ರಾಸ್ ಒಂದೊಂದೇ ಸೊಳ್ಳೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿ ಕಂಡಿತು! ಮರುವರ್ಷ ಕಲ್ಕತ್ತೆಯಲ್ಲಿ, ರೋಗ ಸೊಳ್ಳೆಯ ಕಡಿತದಿಂದಲೇ ಹಕ್ಕಿಯಿಂದ ಹಕ್ಕಿಗೆ ಹರಡುವುದನ್ನು ತೋರಿಸಿದರು. ಮನುಷ್ಯರಲ್ಲೂ ಹಾಗೆಯೇ ಎಂದು ಇಟಲಿಯ ವಿಜ್ಞಾನಿಗಳು ಸಾಬೀತುಪಡಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಅವರು ನಿಧನರಾದರು.

ರಾಸ್ ಅವರನ್ನು ನೆನೆಯುವಾಗ ಹುಸೇನ್ ಖಾನ್ ಅವರನ್ನೂ ನೆನೆಯೋಣ. ದಂಡಿನ ಆ ಪೀಪಾಯಿ ಇಂದು ನಮ್ಮ ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಸಂಪಾಗಿದೆ. ಡೆಂಗೆ ಸೊಳ್ಳೆಯೂ ಅಲ್ಲೇ ಹುಟ್ಟುತ್ತದೆ. ವಾರಕ್ಕೊಮ್ಮೆ ನಿಂತ ನೀರು ಚೆಲ್ಲೋಣ, ಸಂಪು ಮುಚ್ಚೋಣ. ಅದೇ ನಾವು ಅವರಿಗೆ ಸಲ್ಲಿಸುವ ಗೌರವ.